ಬಯಲಲ್ಲಿ ಜಿಂಕೆ ಹುಡುಕೋಕೆ ಯಾವ ಬೈನಾಕ್ಯುಲರ್? ಪದೇ ಪದೇ ಕೇಳುವ ಪ್ರಶ್ನೆಗಳು

ಕಡೂರು ತಾಲ್ಲೂಕಿನ ಬಾಸೂರು ಕಾವಲಿನ, ಅಂದರೆ ಕೃಷ್ಣಮೃಗ ಇರುವ ಹುಲ್ಲುಗಾವಲಿನ ಕಡೆ ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ನಿಂತರೆ ಸಾಕು, ಬೈಕಲ್ಲಿ ಹೋಗುವವರು ನಿಲ್ಲಿಸಿ ಎರಡು ಪ್ರಶ್ನೆ ಕೇಳಿಯೇ ಮುಂದೆ ಹೋಗುತ್ತಾರೆ. ಎಷ್ಟು ದೂರ ಕಾಣುತ್ತೆ, ಎಷ್ಟು ಕೊಟ್ರಿ. ಇವೆರಡಕ್ಕಿಂತ ಉಪಯೋಗದ ಪ್ರಶ್ನೆಗಳನ್ನು ಚಿಕ್ಕಮಗಳೂರು, ಹಾಸನ, ಅರಸೀಕೆರೆ ಕಡೆಯ ಗೆಳೆಯರು ಕೇಳಿದ್ದಾರೆ. ಅವನ್ನೆಲ್ಲ ಒಂದು ಕಡೆ ಸೇರಿಸಿದ್ದೇನೆ. ಬಯಲು ಎಂದಾಗ ನನ್ನ ತಲೆಯಲ್ಲಿರುವುದು ಎರಡು ಥರದ ಜಾಗ: ಕಡೂರು, ಬೀರೂರು, ಅಜ್ಜಂಪುರ ಸುತ್ತಿನ ಒಣ ಹುಲ್ಲುಗಾವಲು ಒಂದು, ಬಾಬಾಬುಡನ್‌ಗಿರಿ ಮತ್ತು ಕುದುರೆಮುಖದ ಹುಲ್ಲುಗುಡ್ಡಗಳು ಇನ್ನೊಂದು.

## ಶುರು ಮಾಡುವವರಿಗೆ

"ಜಿಂಕೆ ಹುಡುಕೋಕೆ ದುರ್ಬೀನು ಅಂದ್ರೆ, ಬೇಟೆಗಾ ಸಾರ್?"

ಅಲ್ಲ, ನೋಡೋಕೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಜಿಂಕೆ, ಕಡವೆ, ಕಾಡುಕುರಿ, ಕೃಷ್ಣಮೃಗ ಯಾವುದನ್ನೂ ಹೊಡೆಯುವ ಹಾಗಿಲ್ಲ. ಕೃಷ್ಣಮೃಗ ಆ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ, ಕೊಂದರೆ ಕಡಿಮೆ ಅಂದರೂ 3 ವರ್ಷ, 7 ವರ್ಷದವರೆಗೂ ಜೈಲು. ತೋಟದ ಮನೆಯಲ್ಲಿ ಬೆಳೆ ಕಾಯೋಕೆ ಅಂತ ಬಂದೂಕಿನ ಲೈಸೆನ್ಸ್ ಇದ್ದರೂ ಅದು ಬೇಟೆಯ ಲೈಸೆನ್ಸ್ ಅಲ್ಲ.

ಆದರೂ ಒಂದು ಮಾತು. ಬಯಲಲ್ಲಿ ದೂರದ ಪ್ರಾಣಿ ಹುಡುಕುವ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಏನು ಹುಡುಕಿದರೂ ಸಿಗುವುದು ಬಹುಪಾಲು ಅಮೆರಿಕದ ಬೇಟೆಗಾರರು ಬರೆದದ್ದೇ. ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಹೊಡೆಯಬಹುದು. ನಮ್ಮ ಕೃಷ್ಣಮೃಗವನ್ನೇ ಕಳೆದ ಶತಮಾನದಲ್ಲಿ ಟೆಕ್ಸಸ್‌ಗೆ ಒಯ್ದು ಬಿಟ್ಟು, ಈಗ ಅಲ್ಲಿ ದುಡ್ಡು ತೆಗೆದುಕೊಂಡು ಬೇಟೆ ಆಡಿಸುತ್ತಾರೆ. ಅವರ ಹೊಡೆಯುವ ಪಾಠ ನಮಗೆ ಬೇಡ. ಆದರೆ ಗಂಟೆಗಟ್ಟಲೆ ಒಂದೇ ಕಡೆ ಕೂತು ಗುಡ್ಡವನ್ನು ಕಣ್ಣಲ್ಲೇ ಜಾಲಾಡುವ ಕಲೆ ಅವರಿಗೆ ಚೆನ್ನಾಗಿ ಬರುತ್ತದೆ, ಅದನ್ನು ಮಾತ್ರ ಕಲಿಯಬಹುದು.

"8×42, 10×50 ಅಂತ ಬರೆದಿರ್ತಾರಲ್ಲ, ಹಾಗಂದ್ರೇನು?"

ಮೊದಲನೆಯದು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು. 8 ಎಂದರೆ 400 ಮೀಟರ್ ದೂರದ ಪ್ರಾಣಿ 50 ಮೀಟರ್‌ನಲ್ಲಿ ನಿಂತ ಹಾಗೆ ಕಾಣುತ್ತದೆ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಗಾಜು ಅಗಲ ಆದಷ್ಟೂ ಬೆಳಕು ಜಾಸ್ತಿ, ತೂಕವೂ ಜಾಸ್ತಿ.

ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಅದು, ಮಿಲಿಮೀಟರಿನಲ್ಲಿ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು-ಮೂರು ಮಿಲಿಮೀಟರ್ ಇರುತ್ತದೆ, ಮುಸ್ಸಂಜೆಯಲ್ಲಿ ಐದರ ಹತ್ತಿರಕ್ಕೆ ಹಿಗ್ಗುತ್ತದೆ. ಹಾಗಾಗಿ ಮಧ್ಯಾಹ್ನ 10×25ರ ಪುಟ್ಟ ಬೈನಾಕ್ಯುಲರ್ ಕೂಡ ಚೆನ್ನಾಗೇ ಕಾಣಿಸುತ್ತದೆ, ಅದೇ ಸಂಜೆ ಆರೂವರೆಗೆ ಬರೀ ಕಪ್ಪು. ಕಡವೆ ಕಾಡಿನಿಂದ ಹೊರಗೆ ಬರುವ ಹೊತ್ತು ಯಾವುದು ಎಂದು ನೆನೆಸಿಕೊಂಡರೆ ಈ ಲೆಕ್ಕ ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ.

"ಪವರ್ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ? 20 ಪಟ್ಟಿಂದೇ ಕಮ್ಮಿ ರೇಟಿಗೆ ಸಿಗ್ತಿದೆ"

ಎಲ್ಲರೂ ಜಾರುವುದು ಇಲ್ಲೇ. ಪ್ರಾಣಿಯ ಜೊತೆಗೆ ನಿಮ್ಮ ಕೈ ನಡುಕವೂ 20 ಪಟ್ಟು ಹಿಗ್ಗುತ್ತದೆ. ಚಿತ್ರ ಕುಣಿಯುತ್ತಿದ್ದರೆ ದೊಡ್ಡದಾಗಿ ಕಂಡು ಏನು ಪ್ರಯೋಜನ? ಸಾಮಾನ್ಯವಾಗಿ ಕೈಯಲ್ಲಿ ಹಿಡಿದು ನೋಡೋಕೆ 8 ಆರಾಮ, 10 ಆಗಬಹುದು, 12ಕ್ಕೆ ಏನಾದರೂ ಆಸರೆ ಬೇಕೇ ಬೇಕು.

ಇನ್ನೊಂದು ನಷ್ಟ ಬಯಲಲ್ಲೇ ಚೆನ್ನಾಗಿ ಗೊತ್ತಾಗುವುದು. ಪವರ್ ಏರಿದ ಹಾಗೆ ಕಾಣುವ ಜಾಗ ಕಿರಿದಾಗುತ್ತದೆ. 1000 ಮೀಟರ್ ದೂರದಲ್ಲಿ 8×42 ಸುಮಾರು 130ರಿಂದ 140 ಮೀಟರ್ ಅಗಲ ತೋರಿಸಿದರೆ, 10×42ರಲ್ಲಿ 110ರ ಆಸುಪಾಸು. 20 ಪಟ್ಟಿನದ್ದರಲ್ಲಿ ಕೊಳವೆಯೊಳಗಿಂದ ಇಣುಕಿದ ಹಾಗಾಗಿ, ಈಗ ತಾನೇ ಬರಿಗಣ್ಣಿಗೆ ಕಂಡ ಹಿಂಡು ಎಲ್ಲಿತ್ತು ಅಂತಲೇ ಸಿಗುವುದಿಲ್ಲ.

ಪವರ್ ಬದಲಾಯಿಸಬಹುದಾದ ಜೂಮ್ ಬೈನಾಕ್ಯುಲರ್ ಬೇಡವೇ ಬೇಡ. ಎರಡು ಕೊಳವೆಯೂ ಜೂಮ್ ಮಾಡಿದಾಗಲೆಲ್ಲ ಒಂದೇ ಸಮ ಇರಬೇಕು, ಕಮ್ಮಿ ರೇಟಿನದ್ದರಲ್ಲಿ ಅದು ಆಗುವುದಿಲ್ಲ.

"ಸುತ್ತಿ ಬಳಸಿ ಬೇಡ, 8ಆ 10ಆ? ಒಂದು ಹೇಳಿ"

ಒಂದೇ ಕೊಳ್ಳುವುದಾದರೆ 8×42. ಭದ್ರಾ ಕಾಡಿನ ಮುತ್ತೋಡಿಯ ಸಫಾರಿ ಜೀಪಲ್ಲಿ, ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ದೋಣಿಯಲ್ಲಿ, ಬಾಬಾಬುಡನ್‌ಗಿರಿಯ ಗಾಳಿಯಲ್ಲಿ, ಎಲ್ಲ ಕಡೆ ನಡೆಯುತ್ತದೆ. ನೀವು ಹೋಗುವುದು ಬರೀ ಕಡೂರು ಕಡೆಯ ಕಾವಲಿಗೆ, ಕೂತೇ ನೋಡುವ ಅಭ್ಯಾಸ ಇದೆ ಎಂದರೆ 10×42 ತೆಗೆದುಕೊಳ್ಳಿ. ಅಲ್ಲಿ ಮರ ಅಡ್ಡ ಬರುವುದಿಲ್ಲ, ಕೃಷ್ಣಮೃಗ ಹತ್ತಿರ ಬಿಟ್ಟುಕೊಳ್ಳುವುದೂ ಇಲ್ಲ, ಅರ್ಧ ಕಿಲೋಮೀಟರಿಗೇ ಕಿವಿ ನಿಮಿರಿಸಿ ನಿಲ್ಲುತ್ತದೆ.

"ನನ್ನ ಮೊಬೈಲಲ್ಲೇ 100 ಪಟ್ಟು ಜೂಮ್ ಇದೆ, ಇದ್ಯಾಕೆ ಬೇಕು?"

ಆ ನೂರರಲ್ಲಿ ಗಾಜು ಮಾಡುವ ಕೆಲಸ ಸ್ವಲ್ಪ, ಉಳಿದದ್ದು ಚಿತ್ರವನ್ನು ಹಿಗ್ಗಿಸುವುದು, ಅಷ್ಟೆ. ಪ್ರಾಣಿ ಸಿಕ್ಕಿದ ಮೇಲೆ ಗುರುತಿಗೆ ಒಂದು ಫೋಟೋ ಬೇಕಾದರೆ ಸರಿ. ಸೂಪರ್‌ಜೂಮ್ ಕ್ಯಾಮೆರಾಗಳ ಮಾತು ಬೇರೆ. ನಿಕಾನ್ ಪಿ1000ರಂಥದ್ದರಲ್ಲಿ ಗಾಜಿನದ್ದೇ 125 ಪಟ್ಟು ಜೂಮ್ ಇದೆ. ಆದರೆ ಅದೂ ಕಂಡದ್ದನ್ನು ಹಿಡಿಯುವ ಸಾಧನವೇ ಹೊರತು ಹುಡುಕುವ ಸಾಧನ ಅಲ್ಲ. ಪರದೆ ನೋಡುತ್ತಾ ಒಂದು ಗಂಟೆ ಬಯಲು ಜಾಲಾಡಿ ನೋಡಿ, ಬ್ಯಾಟರಿಗಿಂತ ಮೊದಲು ಕಣ್ಣು ಸೋಲುತ್ತದೆ.

## ಅಂಗಡಿಯಲ್ಲಿ

"ಎಷ್ಟು ದುಡ್ಡು ಹಾಕಬೇಕು? ಸುಳ್ಳು ಹೇಳಬೇಡಿ"

ಎರಡು-ಮೂರು ಸಾವಿರದ್ದು ಬಹುಪಾಲು ಆಟದ ಸಾಮಾನು. ಎಂಟರಿಂದ ಹನ್ನೆರಡು ಸಾವಿರದ ಒಳಗೆ ಡೊಂಕು ಕೊಳವೆಯ, ಅಂದರೆ ಪೋರೋ ಪ್ರಿಸಮ್ಮಿನ (ಪ್ರಿಸಮ್ ಎಂದರೆ ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು) ಒಳ್ಳೆಯ ಬೈನಾಕ್ಯುಲರ್ ಸಿಗುತ್ತದೆ. ನಿಕಾನ್ ಆಕ್ಯುಲಾನ್ ಎ211 ಆ ಥರದ್ದು. ಈ ದುಡ್ಡಿಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನೇರ ಕೊಳವೆಯದ್ದರಲ್ಲಿ ಸಿಗುವುದು ಕಷ್ಟ, ಯಾಕೆಂದರೆ ಪೋರೋ ಮಾಡೋಕೆ ಸುಲಭ. ಇದರ ಕೊರತೆ ಒಂದೇ, ನೀರು ತಡೆಯುವುದಿಲ್ಲ.

ಹದಿನೈದರಿಂದ ಇಪ್ಪತ್ತೈದು ಸಾವಿರ ಇದ್ದರೆ ನೇರ ಕೊಳವೆಯ, ಒಳಗೆ ನೈಟ್ರೋಜನ್ ತುಂಬಿದ, ನೀರು ಹೋಗದ ಬೈನಾಕ್ಯುಲರ್ ನೋಡಿ. ಪ್ರಿಸಮ್ಮಿಗೆ ಫೇಸ್ ಕೋಟಿಂಗ್ ಎಂಬ ಲೇಪ ಇದೆಯಾ ಅಂತ ಕೇಳಿ ತೆಗೆದುಕೊಳ್ಳಿ, ಅದಿಲ್ಲದಿದ್ದರೆ ನೇರ ಕೊಳವೆಯ ಚಿತ್ರ ಸ್ವಲ್ಪ ಮಂಕಾಗುತ್ತದೆ. ಮಲೆನಾಡಿನವರು ಕಾದು ದುಡ್ಡು ಕೂಡಿಸಿಯಾದರೂ ಇದನ್ನೇ ಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಕಡೂರಿನವರಿಗೆ ಪೋರೋ ಸಾಕು.

ರೇಟು ಏರಿಳಿಯುತ್ತಾ ಇರುತ್ತದೆ, ಇವೆಲ್ಲ ಅಂದಾಜು.

"ಕೊಳ್ಳೋ ಮುಂಚೆ ಪರೀಕ್ಷೆ ಮಾಡೋದು ಹೇಗೆ?"

ಅಂಗಡಿಯ ಒಳಗೆ ಗೋಡೆ ನೋಡಿ ಕೊಳ್ಳಬೇಡಿ, ರಸ್ತೆಗೆ ಬನ್ನಿ. ದೂರದ ಕರೆಂಟ್ ಕಂಬವನ್ನೋ ತಂತಿಯನ್ನೋ ನೋಡಿ. ತಂತಿ ಎರಡಾಗಿ ಕಂಡರೆ ಅಥವಾ ಕಣ್ಣು ಎಳೆದ ಹಾಗಾದರೆ ಎರಡು ಕೊಳವೆಯ ದಿಕ್ಕು ಸರಿಯಾಗಿ ಕೂಡಿಲ್ಲ ಎಂದರ್ಥ, ಅದನ್ನು ಅಲ್ಲೇ ಇಟ್ಟು ಬನ್ನಿ. ಸಣ್ಣ ದೋಷವಾದರೆ ಕಣ್ಣು ತಾನೇ ಸರಿ ಮಾಡಿಕೊಂಡುಬಿಡುತ್ತದೆ, ಆದರೆ ಅರ್ಧ ಗಂಟೆಗೆ ತಲೆನೋವು ಶುರು. ಅದಕ್ಕೇ ಕೂಡಲೇ ಕೆಳಗಿಡದೆ ಸ್ವಲ್ಪ ಹೊತ್ತು ನೋಡಿ.

ಆಮೇಲೆ ಕೈ ಚಾಚಿ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಕಣ್ಣಿಡುವ ಗಾಜನ್ನು ದೂರದಿಂದ ನೋಡಿ. ಬೆಳಕಿನ ಬಿಲ್ಲೆ ಪೂರ್ತಿ ದುಂಡಗಿರಬೇಕು. ಅಂಚು ಕತ್ತರಿಸಿ ಚೌಕದ ಹಾಗೆ ಕಂಡರೆ ಪ್ರಿಸಮ್ ಕಮ್ಮಿ ದರ್ಜೆಯದ್ದು. ಕೊನೆಗೆ ಫೋಕಸ್ ಚಕ್ರ ತಿರುಗಿಸಿ. ನಡುವೆ ಸಡಿಲ ಇರಬಾರದು, ಚಳಿಗಾಲದ ಬೆಳಿಗ್ಗೆ ಮರಗಟ್ಟಿದ ಬೆರಳಲ್ಲೂ ತಿರುಗಬೇಕು.

ಹಳೆಯದನ್ನು ಕೊಳ್ಳುತ್ತಿದ್ದರೆ ತಿರುಗಿಸಿ ಹಿಡಿದು, ದೊಡ್ಡ ಗಾಜಿನ ಕಡೆಯಿಂದ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ.

"ಜಾತ್ರೇಲಿ ಕೆಂಪು ಗಾಜಿಂದು ಬಂದಿದೆ, ಮಿಲಿಟರಿದಂತೆ. ತಗೋಬಹುದಾ?"

ಬೇಡ. ಆ ಕೆಂಪು ಲೇಪ ಬೆಳಕಿನ ಕೆಂಪು ಭಾಗವನ್ನು ವಾಪಸ್ ಎಸೆಯುತ್ತದೆ, ನಿಮಗೆ ಸಿಗುವುದು ಹಸಿರು-ನೀಲಿ ಬಳಿದ ಮಂಕು ಚಿತ್ರ. ಒಣಹುಲ್ಲಿನ ನಡುವೆ ಕಂದು ಬಣ್ಣದ ಪ್ರಾಣಿ ಹುಡುಕುವವರಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಒಳ್ಳೆಯ ಲೇಪದ ಗಾಜು ಓರೆ ಬೆಳಕಲ್ಲಿ ತೆಳು ಹಸಿರಾಗಿಯೋ ನೇರಳೆಯಾಗಿಯೋ ಹೊಳೆಯುತ್ತದೆ.

"ನಾನು ಕನ್ನಡಕ ಹಾಕ್ತೀನಿ, ತೆಗೆದು ನೋಡಬೇಕಾ?"

ಬರೀ ದೂರದೃಷ್ಟಿ, ಸಮೀಪದೃಷ್ಟಿ ದೋಷ ಇದ್ದರೆ ತೆಗೆದೂ ನೋಡಬಹುದು, ಫೋಕಸ್ ಅದನ್ನು ಸರಿದೂಗಿಸುತ್ತದೆ. ಸಿಲಿಂಡರ್ ನಂಬರ್ ಇದ್ದರೆ ಆಗುವುದಿಲ್ಲ. ಅದೂ ಅಲ್ಲದೆ ಬರಿಗಣ್ಣಿಂದ ಒಂದು ಸಲ, ಬೈನಾಕ್ಯುಲರಿಂದ ಒಂದು ಸಲ ನೋಡುವಾಗ ಪ್ರತಿ ಸಲ ಕನ್ನಡಕ ತೆಗೆದು ಹಾಕುತ್ತಾ ಕೂತರೆ ಪ್ರಾಣಿ ಹೋಗಿರುತ್ತದೆ. ಹಾಕಿಕೊಂಡೇ ನೋಡಿ. ಅದಕ್ಕೆ ಐ ರಿಲೀಫ್ ಎಂದು ಬರೆದಿರುವ ಅಳತೆ, ಅಂದರೆ ಕಣ್ಣು ಗಾಜಿನಿಂದ ಎಷ್ಟು ದೂರ ಇದ್ದರೂ ಪೂರ್ತಿ ಚಿತ್ರ ಕಾಣುತ್ತದೆ ಎಂಬುದು, ಕನಿಷ್ಠ 15 ಮಿಲಿಮೀಟರ್ ಇರಲಿ, 17-18 ಇದ್ದರೆ ಇನ್ನೂ ಒಳ್ಳೆಯದು. ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಪೂರ್ತಿ ಕೆಳಗಿಳಿಸಿಕೊಳ್ಳಿ.

## ಬಯಲಿಗೆ ಹೋದ ಮೇಲೆ

"ಒಳ್ಳೇದೇ ತಗೊಂಡೆ, ಆದ್ರೂ ಮಂಜು ಮಂಜು ಕಾಣುತ್ತೆ"

ಬಹುಶಃ ನಿಮ್ಮ ಎರಡು ಕಣ್ಣಿಗೂ ಅದನ್ನು ಹೊಂದಿಸಿಲ್ಲ. ಬಲಗಡೆಯ ಗಾಜನ್ನು ಕೈಯಿಂದ ಮುಚ್ಚಿ, ಎಡಗಣ್ಣಲ್ಲಿ ದೂರದ ಬೋರ್ಡೊಂದನ್ನು ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿ ಇರುವ ಸಣ್ಣ ಉಂಗುರ ತಿರುಗಿಸಿ ಅದೇ ಬೋರ್ಡನ್ನು ಸ್ಪಷ್ಟ ಮಾಡಿ. ಉಂಗುರ ಎಲ್ಲಿ ನಿಂತಿತು ಅಂತ ನೆನಪಿಟ್ಟುಕೊಳ್ಳಿ. ಮನೆಯಲ್ಲಿ ಮಕ್ಕಳ ಕೈಗೆ ಸಿಕ್ಕರೆ ಮೊದಲು ಕೆಡುವುದು ಅದೇ.

"ನಿಮಗೆ ಕಾಣುತ್ತೆ, ನಮಗೆ ಯಾಕೆ ಒಂದೂ ಕಾಣಲ್ಲ?"

ಅವಸರ ಮಾಡುತ್ತೀರಿ, ಅದಕ್ಕೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೈನಾಕ್ಯುಲರನ್ನು ಸುಯ್ಯನೆ ಎಳೆದರೆ ಯಾರಿಗೂ ಏನೂ ಕಾಣುವುದಿಲ್ಲ.

ಬಂದ ಕೂಡಲೇ ಬರಿಗಣ್ಣಲ್ಲಿ ಪೂರ್ತಿ ಬಯಲು ನೋಡಿ. ಓಡಾಡುತ್ತಿರುವುದು, ಬಿಸಿಲಿಗೆ ನಿಂತಿರುವುದು ಅದರಲ್ಲೇ ಸಿಗುತ್ತದೆ. ಆಮೇಲೆ ಕೂತುಕೊಳ್ಳಿ. ಬೈನಾಕ್ಯುಲರನ್ನು ಒಂದು ಕಡೆ ನಿಲ್ಲಿಸಿ, ಅದನ್ನು ಅಲುಗಿಸದೆ, ಒಳಗೆ ಕಾಣುವ ವೃತ್ತದಲ್ಲಿ ನಿಮ್ಮ ಕಣ್ಣನ್ನು ಮಾತ್ರ ಓಡಿಸಿ. ಮೂಲೆ ಮೂಲೆ ಆದ ಮೇಲೆ ಅರ್ಧ ವೃತ್ತದಷ್ಟು ಪಕ್ಕಕ್ಕೆ ಸರಿಸಿ, ಮತ್ತೆ ನಿಲ್ಲಿಸಿ. ಹತ್ತಿರದ ಪಟ್ಟಿ ಮುಗಿಸಿ ಅದರ ಹಿಂದಿನ ಪಟ್ಟಿಗೆ ಹೋಗಿ. ಪೂರ್ತಿ ಮುಗಿದ ಮೇಲೆ ಇನ್ನೊಂದು ಸಲ ಮೊದಲಿಂದ, ಯಾಕೆಂದರೆ ಹತ್ತು ನಿಮಿಷದ ಹಿಂದೆ ಮಲಗಿದ್ದದ್ದು ಈಗ ಎದ್ದಿರುತ್ತದೆ.

ಪೂರ್ತಿ ಜಿಂಕೆ ಹುಡುಕಬೇಡಿ, ಅದರ ಚೂರು ಹುಡುಕಿ. ಹುಲ್ಲೆಲ್ಲ ನೆಟ್ಟಗೆ ನಿಂತಿರುವಾಗ ಅಡ್ಡಡ್ಡ ಕಾಣುವ ಬೆನ್ನಿನ ಗೆರೆ, ಒಂದು ಕಿವಿ ಅಲುಗಿದ್ದು, ಹೊಟ್ಟೆಯ ಬಿಳಿ. ಬಾಸೂರಿನಲ್ಲಿ ಹೆಣ್ಣು ಕೃಷ್ಣಮೃಗದ ಬಣ್ಣ ಒಣಹುಲ್ಲಿನದ್ದೇ, ಮಲಗಿದ್ದರೆ ಇಡೀ ಹಿಂಡು ನೆಲದಲ್ಲಿ ಕರಗಿಹೋಗುತ್ತದೆ. ಬಲಿತ ಗಂಡು ಮಾತ್ರ ಕಪ್ಪು-ಬಿಳಿ, ಅದು ಸಿಕ್ಕರೆ ಸುತ್ತಮುತ್ತ ನಿಧಾನವಾಗಿ ನೋಡಿ. ಗಿರಿಯ ಕಡೆ ಬೋಳು ಹುಲ್ಲನ್ನು ಬಿಟ್ಟು, ಹುಲ್ಲು ಮುಗಿದು ಶೋಲಾ, ಅಂದರೆ ಗುಡ್ಡದ ಮಡಿಲಿನ ದಟ್ಟ ಕಾಡು ಶುರುವಾಗುವ ಅಂಚನ್ನು ನೋಡಿ. ಕಡವೆ, ಕಾಟಿ ಎರಡೂ ಸಂಜೆ ಅಲ್ಲಿಂದಲೇ ಹೊರಗೆ ಬರುತ್ತವೆ. ಲಕ್ಕವಳ್ಳಿಯಲ್ಲಿ ಬೇಸಿಗೆಗೆ ಹಿನ್ನೀರು ಇಳಿದು ದಡದಲ್ಲಿ ಹೊಸ ಹುಲ್ಲು ಚಿಗುರಿರುತ್ತದೆ, ಅಲ್ಲಿ ನೀರಂಚನ್ನು ನೋಡಿದರೆ ಸಾಕು.

ಇನ್ನೊಂದು, ಅವೂ ನಿಮ್ಮನ್ನು ನೋಡುತ್ತಿರುತ್ತವೆ. ಜಿಂಕೆ ಜಾತಿಗೆ ಕೆಂಪು ಸರಿಯಾಗಿ ಕಾಣದಿದ್ದರೂ ಅಲುಗಾಟ ತಕ್ಷಣ ಗೊತ್ತಾಗುತ್ತದೆ. ಬೆನ್ನಿಗೆ ಒಂದು ಪೊದೆ ಇಟ್ಟುಕೊಂಡು ಕೂತು, ಸೂರ್ಯನನ್ನು ಹಿಂದೆ ಬಿಟ್ಟುಕೊಂಡರೆ ಅರ್ಧ ಕೆಲಸ ಆದ ಹಾಗೆ.

"ಕೈ ನಡುಗುತ್ತೆ, ಏನು ಮಾಡಲಿ?"

ನಿಂತು ನೋಡುವುದು ಬಿಡಿ. ನೆಲಕ್ಕೆ ಕೂತು ಮೊಣಕಾಲ ಮೇಲೆ ಮೊಣಕೈ ಊರಿ. ನಿಲ್ಲಲೇಬೇಕಾದರೆ ಒಂದು ಊರುಗೋಲಿನ ತುದಿಗೆ ಬೈನಾಕ್ಯುಲರ್ ಆನಿಸಿ, ಇಲ್ಲವೇ ಟೋಪಿಯ ಅಂಚನ್ನೂ ಸೇರಿಸಿ ಹಿಡಿಯಿರಿ. ಜೀಪಿನಲ್ಲಿದ್ದರೆ ಎಂಜಿನ್ ಆಫ್ ಮಾಡಿಸಿ, ಆಮೇಲೆ ಕಂಬಿಗೆ ಒರಗಿ.

ಬಹಳ ಬೈನಾಕ್ಯುಲರ್‌ಗಳಲ್ಲಿ ಎರಡು ಕೊಳವೆ ಕೂಡುವ ಕಡೆ, ಮುಂಭಾಗದಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದನ್ನು ತಿರುಗಿಸಿ ತೆಗೆದರೆ ತಿರುಪಿನ ತೂತು, ಅಲ್ಲಿಗೆ ಸಣ್ಣ ಅಡಾಪ್ಟರ್ ಹಾಕಿ ಟ್ರೈಪಾಡ್ ಮೇಲೆ ಕೂರಿಸಬಹುದು. ಹತ್ತು ಸಾವಿರದ ಬೈನಾಕ್ಯುಲರ್ ಟ್ರೈಪಾಡ್ ಮೇಲಿದ್ದರೆ, ಕೈಯಲ್ಲಿ ಹಿಡಿದ ಐವತ್ತು ಸಾವಿರದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಜನ ಟ್ರೈಪಾಡ್‌ಗೆ ದುಡ್ಡು ಬಿಚ್ಚುವುದಿಲ್ಲ.

"ಹತ್ತು ಗಂಟೆ ಆದ್ರೆ ಎಲ್ಲಾ ನೀರೊಳಗೆ ಇದ್ದ ಹಾಗೆ ಅಲುಗುತ್ತೆ. ಗಾಜು ಕೆಟ್ಟಿದೆಯಾ?"

ಗಾಜು ಸರಿಯಾಗೇ ಇದೆ, ಅದು ಬಿಸಿಲ ಝಳ. ನೆಲ ಕಾದು, ಬಿಸಿ ಗಾಳಿ ಮೇಲೇಳುವಾಗ ಬೆಳಕು ಬಾಗುತ್ತದೆ. ಪವರ್ ಜಾಸ್ತಿ ಮಾಡಿದರೆ ಝಳವೂ ದೊಡ್ಡದಾಗುತ್ತದೆ, ಲಕ್ಷ ಕೊಟ್ಟ ಗಾಜಿಗೂ ಇದಕ್ಕೆ ಮದ್ದಿಲ್ಲ. ಕಡೂರು ಕಡೆ ಬೆಳಕು ಹರಿದಾಗಿನಿಂದ ಒಂಬತ್ತರ ತನಕ ನೋಡಿ, ಎದ್ದು ತಿಂಡಿಗೆ ಹೋಗಿ, ನಾಲ್ಕರ ಮೇಲೆ ವಾಪಸ್ ಬನ್ನಿ. ಅಂದ ಹಾಗೆ ಕಾವಲಿನೊಳಗೆ ಗಾಡಿ ಇಳಿಸಬೇಡಿ. ಎಲ್ಲಿ ಓಡಾಡಬಹುದು ಅಂತ ಅರಣ್ಯ ಇಲಾಖೆಯವರನ್ನೇ ಕೇಳಿ.

"ದೂರದಿಂದ ಯಾವ ಪ್ರಾಣಿ ಅಂತ ಹೇಗೆ ಹೇಳ್ತೀರಾ?"

ಜಾಗ ಅರ್ಧ ಉತ್ತರ ಕೊಡುತ್ತದೆ. ಕಾವಲಿನ ನಡುವೆ ಹಿಂಡಾಗಿ ಕಂಡರೆ ಕೃಷ್ಣಮೃಗ. ಅದು ನಿಜವಾಗಿ ಜಿಂಕೆ ಜಾತಿಯೇ ಅಲ್ಲ: ಗಂಡಿನ ಸುರುಳಿ ಕೊಂಬು ಕವಲೊಡೆಯುವುದಿಲ್ಲ, ಉದುರುವುದೂ ಇಲ್ಲ. ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬೆಳೆಯುತ್ತದೆ. ಉದುರಿದ್ದು ಕಂಡರೆ ಮನೆಗೆ ತರಬೇಡಿ, ಅದೂ ಕೇಸೇ. ಚುಕ್ಕೆ ದೂರಕ್ಕೆ ಕಾಣದಿದ್ದರೂ ಚುಕ್ಕೆ ಜಿಂಕೆಯ ಗಂಟಲಿನ ಬಿಳಿ ಕಾಣುತ್ತದೆ. ಕಡವೆ ದೊಡ್ಡದು, ಒಂದೇ ಸಮ ಕಡುಕಂದು, ಒಂದೋ ಎರಡೋ ಇರುತ್ತವೆ. ಒಂಟಿಯಾಗಿ, ಕೆಂಚಗೆ, ತಲೆ ತಗ್ಗಿಸಿ ಅಂಚಿನಲ್ಲಿ ನುಸುಳಿದ್ದು ಕಾಡುಕುರಿ. ಕಾಟಿಯನ್ನು ಕಾಲಿನ ಬಿಳಿಯಲ್ಲೇ ಹೇಳಬಹುದು.

"ಮಳೆಗಾಲ ಮುಗಿಯೋದ್ರೊಳಗೆ ಗಾಜಿನ ಒಳಗೆ ಬೂಷ್ಟು ಬಂತು"

ಸಕಲೇಶಪುರ, ಮೂಡಿಗೆರೆ, ಕೊಪ್ಪದವರು ಎಲ್ಲರೂ ಕೇಳುವ ಪ್ರಶ್ನೆ. ಚರ್ಮದ ಚೀಲದಲ್ಲಿಟ್ಟು ಬೀರುವಿನೊಳಗೆ ತಳ್ಳಿದರೆ ಬೂಷ್ಟಿಗೆ ಊಟ ಹಾಕಿದ ಹಾಗೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಒಂದು ಹಿಡಿ ಸಿಲಿಕಾ ಜೆಲ್. ನೀಲಿ ಜೆಲ್ ತೇವ ಕುಡಿದು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಒದ್ದೆ ಬೈನಾಕ್ಯುಲರನ್ನು ಡಬ್ಬಿಗೆ ಹಾಕಬೇಡಿ, ಒಂದು ರಾತ್ರಿ ಫ್ಯಾನಿನ ಕೆಳಗಿಡಿ. ಒರೆಸುವಾಗ ಮೊದಲು ಧೂಳು ಊದಿ, ಬ್ರಷ್ಷಿನಲ್ಲಿ ಸರಿಸಿ, ಕೊನೆಗೆ ಬಟ್ಟೆ. ಅಂಗಿಯ ತುದಿಯಲ್ಲಿ ಉಜ್ಜಿದರೆ ಧೂಳೇ ಗಾಜನ್ನು ಗೀರುತ್ತದೆ. ಒಳಗೆ ಬೂಷ್ಟು ಬಂದಿದ್ದರೆ ಬಿಚ್ಚೋಕೆ ಹೋಗಬೇಡಿ, ರಿಪೇರಿಯವರಿಗೆ ಕೊಡಿ.

## ಪಳಗಿದವರಿಗೆ

"ಸ್ಪಾಟಿಂಗ್ ಸ್ಕೋಪ್ ತಗೊಂಡ್ರೆ ಬೈನಾಕ್ಯುಲರ್ ಬೇಡ ಅಲ್ವಾ?"

ಸ್ಪಾಟಿಂಗ್ ಸ್ಕೋಪ್ ಅಂದರೆ ಟ್ರೈಪಾಡ್ ಮೇಲಿಟ್ಟು ಒಂದೇ ಕಣ್ಣಲ್ಲಿ ನೋಡುವ ದೊಡ್ಡ ದುರ್ಬೀನು. ಎರಡೂ ಬೇಕು. ಹುಡುಕುವುದು ಬೈನಾಕ್ಯುಲರಲ್ಲಿ, ಸಿಕ್ಕಿದ್ದರ ಕೊಂಬಿನ ಸುರುಳಿ ನೋಡುವುದು ಸ್ಕೋಪಲ್ಲಿ. 65 ಮಿಲಿಮೀಟರ್ ಗಾಜಿನ, 20ರಿಂದ 60 ಪಟ್ಟಿನ ಸ್ಕೋಪಿನಲ್ಲಿ 60ಕ್ಕೆ ಏರಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ ಒಂದು ಮಿಲಿಮೀಟರ್ ಚಿಲ್ಲರೆ ಅಷ್ಟೆ, ಚಿತ್ರ ಮಂಕು. ನಿಜವಾಗಿ ಬಳಸುವುದು 30ರ ಆಚೀಚೆ. ಕಣ್ಣಿಡುವ ಭಾಗ ಓರೆ ಇರುವುದನ್ನು ತೆಗೆದುಕೊಂಡರೆ ಟ್ರೈಪಾಡ್ ತಗ್ಗಾಗಿ ಇಡಬಹುದು, ಗಾಳಿಗೆ ಅಲುಗುವುದಿಲ್ಲ, ಕುಳ್ಳಗಿರುವವರೂ ಉದ್ದ ಇರುವವರೂ ಸರದಿಯಲ್ಲಿ ನೋಡಬಹುದು. ತೆಳ್ಳಗಿನ ಟ್ರೈಪಾಡ್ ಮುಳ್ಳಯ್ಯನಗಿರಿಯ ಗಾಳಿಗೆ ನಿಲ್ಲುವುದಿಲ್ಲ.

"ಬಂದೂಕಿಗೆ ಹಾಕೋ ಸ್ಕೋಪ್ ಒಂದು ಮನೇಲಿದೆ, ಅದರಲ್ಲೇ ನೋಡಿದ್ರೆ?"

ಒಂದೇ ಕಣ್ಣು, ಕಿರಿದಾದ ನೋಟ, ನಡುವೆ ಗುರಿಯ ಗೆರೆ. ನೋಡೋಕೆ ಅದು ಅನುಕೂಲ ಅಲ್ಲ. ಕಾಡಿನ ಅಂಚಿನಲ್ಲಿ ಗಾರ್ಡ್ ಕೈಗೆ ಸಿಕ್ಕರೆ ನಿಮ್ಮ ಮಾತು ಯಾರೂ ನಂಬುವುದಿಲ್ಲ. ಮನೆಯಲ್ಲೇ ಇರಲಿ.

"ನಡುಕ ತಡೆಯೋ ಬೈನಾಕ್ಯುಲರ್ ಬಂದಿದೆಯಂತೆ, ಹೇಗಿದೆ?"

ಹೌದು, ಕ್ಯಾನನ್ 10×30, 12×36 ಇತ್ಯಾದಿ. ಗುಂಡಿ ಒತ್ತಿದರೆ ಚಿತ್ರ ನಿಂತುಬಿಡುತ್ತದೆ, ಮೊದಲ ಸಲ ನೋಡಿದವರು ಬೆರಗಾಗುತ್ತಾರೆ. ಕೈ ನಡುಗುವ ಹಿರಿಯರಿಗೆ, ದೋಣಿಯಲ್ಲಿ ನೋಡುವವರಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಆದರೆ ಬ್ಯಾಟರಿ ಬೇಕು, ಈ ಎರಡು ಮಾಡೆಲ್‌ಗಳು ನೀರು ತಡೆಯುವುದಿಲ್ಲ, ಮತ್ತು 10×30ರಲ್ಲಿ ಬೆಳಕಿನ ಬಿಲ್ಲೆ 3 ಮಿಲಿಮೀಟರ್ ಮಾತ್ರ, ಸಂಜೆಗೆ ಬೇಗ ಕತ್ತಲಾಗುತ್ತದೆ.

"ರಾತ್ರಿ ಹೊಲಕ್ಕೆ ಜಿಂಕೆ ನುಗ್ಗುತ್ತೆ, ಥರ್ಮಲ್ ತಗೊಳ್ಳಲಾ?"

ಥರ್ಮಲ್ ಮೈಯ ಬಿಸಿಯನ್ನು ತೋರಿಸುತ್ತದೆ, ಕತ್ತಲಲ್ಲೂ ಬೆಳ್ಳಗೆ ಕಾಣುತ್ತದೆ ನಿಜ. ಆದರೆ ರಾಗಿ, ಕಡಲೆಕಾಯಿ ಹೊಲಕ್ಕೆ ಹಿಂಡು ಬಂದಿದೆ ಅಂತ ಗೊತ್ತಾಗೋಕೆ ಅಷ್ಟು ದುಡ್ಡಿನ ಯಂತ್ರ ಬೇಡ, ನಾಯಿ ಬೊಗಳಿದರೆ ಗೊತ್ತಾಗುತ್ತದೆ. ಆ ದುಡ್ಡಿಗೆ ಬೇಲಿ ಹಾಕಿಸಿ. ಕಾವಲಿನ ಕಡೆ ರಾತ್ರಿ ಥರ್ಮಲ್ಲೋ ದೊಡ್ಡ ಟಾರ್ಚೋ ಹಿಡಿದು ಓಡಾಡಿದರೆ ಕಳ್ಳಬೇಟೆಯವರು ಅಂತ ಹಿಡಿಯುತ್ತಾರೆ, ಹಿಡಿಯಲೂಬೇಕು. ಆಲೂರು, ಸಕಲೇಶಪುರ ಕಡೆ ಆನೆಯ ಭಯಕ್ಕೆ ಕೇಳುವವರಿಗೂ ಇದೇ ಉತ್ತರ: ಥರ್ಮಲ್ ಇದೆ ಅನ್ನುವ ಧೈರ್ಯದಲ್ಲಿ ಕತ್ತಲಲ್ಲಿ ತೋಟಕ್ಕೆ ಇಳಿಯಬೇಡಿ, ಇಲಾಖೆಯವರು ಕಳಿಸುವ ಆನೆ ಸಂದೇಶ ನೋಡಿಕೊಂಡು ಬೆಳಕಾದ ಮೇಲೆ ಹೋಗಿ.

"ಇಡಿ ಗ್ಲಾಸ್, ಸ್ವರೋವ್‌ಸ್ಕಿ, ಲಕ್ಷ ಲಕ್ಷ ಅಂತಾರೆ. ಅಷ್ಟು ವ್ಯತ್ಯಾಸ ಇದೆಯಾ?"

ಇದೆ, ಆದರೆ ಎಲ್ಲ ಹೊತ್ತಿನಲ್ಲೂ ಅಲ್ಲ. ಆಕಾಶಕ್ಕೆ ಎದುರಾಗಿ ನಿಂತ ಕೊಂಬಿನ ಸುತ್ತ ಮಾಮೂಲಿ ಗಾಜಿನಲ್ಲಿ ನೇರಳೆ-ಹಸಿರು ಅಂಚು ಬರುತ್ತದೆ, ಬಣ್ಣ ಚದುರುವುದನ್ನು ತಡೆಯೋಕೆಂದೇ ಮಾಡಿದ ಇಡಿ ಗಾಜಿನಲ್ಲಿ ಅದು ಬಹಳ ಕಮ್ಮಿ. ನಿಕಾನ್ ಮೊನಾರ್ಕ್ ಎಂ5ನಂಥ ಮಧ್ಯಮ ದರ್ಜೆಯದ್ದರಲ್ಲೇ ಈಗ ಇಡಿ ಗಾಜು ಇದೆ. ಸ್ವರೋವ್‌ಸ್ಕಿ ಕಂಪನಿಯದ್ದರಂಥ ಲಕ್ಷ ದಾಟಿದವು ಗೆಲ್ಲುವುದು ಬೆಳಗಿನ ಮೊದಲ ಹತ್ತು-ಹದಿನೈದು ನಿಮಿಷ, ಸಂಜೆಯ ಕೊನೆಯ ಹತ್ತು-ಹದಿನೈದು ನಿಮಿಷ, ಮತ್ತೆ ಅಂಚಿನವರೆಗೂ ಚಿತ್ರ ಸ್ಪಷ್ಟವಾಗಿರುವುದರಲ್ಲಿ. ದಿನಗಟ್ಟಲೆ ನೋಡುವ ಸಂಶೋಧಕರಿಗೆ ಅದು ಬೇಕು. ತಿಂಗಳಿಗೊಮ್ಮೆ ಭಾನುವಾರ ಹೋಗುವವರು ಮೂವತ್ತು-ನಲವತ್ತು ಸಾವಿರಕ್ಕೆ ನಿಲ್ಲಿಸಿ, ಉಳಿದದ್ದರಲ್ಲಿ ಒಂದು ಗಟ್ಟಿ ಟ್ರೈಪಾಡ್, ಕೂರೋಕೆ ಒಂದು ಸಣ್ಣ ಸ್ಟೂಲು, ಕಡೂರಿನ ತನಕ ಪೆಟ್ರೋಲು.